ಸೊಂಟಕ್ಕೆ ಕಟ್ಟಿದ ಸ್ವೆಟರ್

ಡಿಸೆಂಬರಿನಲ್ಲಿ ಸಹ್ಯಾದ್ರಿಯ ಯಾವುದಾದರೂ ಕೋಟೆ ಹತ್ತುವ ಗುಂಪನ್ನು ಒಮ್ಮೆ ಗಮನಿಸಿ ನೋಡಿ. ಎಲ್ಲರ ಹತ್ತಿರವೂ ಸ್ವೆಟರ್ ಇರುತ್ತದೆ. ಆದರೆ ಯಾರ ಮೈಮೇಲೂ ಇರುವುದಿಲ್ಲ. ಸೊಂಟದಲ್ಲಿರುತ್ತದೆ. ಎರಡೂ ತೋಳುಗಳನ್ನು ಮುಂದೆ ತಂದು ಹೊಟ್ಟೆಯ ಮೇಲೊಂದು ಗಂಟು, ಉಳಿದದ್ದು ಹಿಂದೆ ಜೋತಾಡುತ್ತಿರುತ್ತದೆ. ಮನೆಯಿಂದ ಹೊರಡುವಾಗ ಹಾಕಿಕೊಂಡಿರುತ್ತಾರೆ, ಗುಡ್ಡ ಹತ್ತುತ್ತ ಬಿಚ್ಚುತ್ತಾರೆ. ಮತ್ತೆ ಯಾವಾಗ ಹಾಕಿಕೊಳ್ಳಬೇಕು ಅನ್ನುವುದರ ಮೇಲೆ ದಿನವಿಡೀ ವಾದ.

ತಪ್ಪು ಸ್ವೆಟರಿನದ್ದಲ್ಲ ಬಿಡಿ. ಪುಣೆಯ ಚಳಿಗಾಲವೇ ಹಾಗೆ. ಬೆಳಿಗ್ಗೆ 10 ಡಿಗ್ರಿ, ಮಧ್ಯಾಹ್ನ 30. ಹಾಲು ತರೋಕೆ ಹೋಗುವಾಗ ಮಂಕಿ ಕ್ಯಾಪ್ ಬೇಕು, ಊಟಕ್ಕೆ ಹೊರಗೆ ಬಂದರೆ ನೆರಳು ಹುಡುಕಬೇಕು. 1935ರ ಜನವರಿಯಲ್ಲಿ ಒಂದು ದಿನ ಇಲ್ಲಿ 1.7 ಡಿಗ್ರಿಗೆ ಇಳಿದಿತ್ತಂತೆ. ಆವತ್ತೂ ಮಧ್ಯಾಹ್ನ ಯಾರಾದರೊಬ್ಬರು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಹಾಗೆ ನೋಡಿದರೆ ಈ ಊರಿಗೂ ಹವಾಮಾನಕ್ಕೂ ಹಳೇ ನಂಟು. ದೇಶದ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು. ಆಮೇಲೆ ಅದು ದೆಹಲಿಗೆ ಹೋಯಿತು. ಆದರೆ ಶಿವಾಜಿನಗರದ ಆ ಕಟ್ಟಡಕ್ಕೆ ಸಿಮ್ಲಾ ಆಫೀಸ್ ಅನ್ನುವ ಹೆಸರು ಅಂಟಿಕೊಂಡು ಇಲ್ಲೇ ಉಳಿಯಿತು. ಮೇ ತಿಂಗಳ ಉರಿಬಿಸಿಲಿನಲ್ಲಿ, ಕತ್ತಿನ ಬೆವರು ಒರೆಸಿಕೊಳ್ಳುತ್ತ ಜನ ಬಸ್ಸಿನಿಂದ ಸಿಮ್ಲಾ ಆಫೀಸಿನಲ್ಲಿ ಇಳಿಯುತ್ತಾರೆ. ಯಾರಿಗೂ ನಗು ಬರುವುದಿಲ್ಲ.

ಪುಣೆಯಲ್ಲಿರುವ ನಮ್ಮ ಕನ್ನಡದವರ ಬೆಟ್ಟ ಹತ್ತುವ ಗುಂಪಿನಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಊರೇ ಹೆಸರು. ಮಂಗಳೂರು, ಧಾರವಾಡ, ಕಲಬುರಗಿ, ಚಿಕ್ಕಮಗಳೂರು. ನಾನು ಮೈಸೂರು. ಇನ್ನೊಬ್ಬಳು ಹುಟ್ಟಿ ಬೆಳೆದದ್ದೆಲ್ಲ ಪುಣೆಯ ಸದಾಶಿವ ಪೇಟೆಯಲ್ಲಿ, ಅಜ್ಜನ ಕಾಲಕ್ಕೆ ಗದಗದಿಂದ ಬಂದ ಮನೆತನ. ಅವಳನ್ನು ಗದಗ ಅನ್ನಬೇಕೋ ಪುಣೆ ಅನ್ನಬೇಕೋ ತೀರ್ಮಾನವಾಗದೆ ಕೊನೆಗೆ 'ಪೇಟೆ' ಅಂತ ಕರೆಯೋದು ಅಂತಾಯಿತು.

ಊರಿನ ಹೆಸರಿಟ್ಟುಕೊಂಡದ್ದು ಸುಮ್ನೆ ತಮಾಷೆಗೆ. ಆದರೆ ಚಳಿಯ ಮಾತು ಬಂದಾಗ ಅದು ನಿಜವಾಗಿಬಿಡುತ್ತದೆ. ಆಕಾಶ ನೋಡಿ ಹವಾಮಾನ ಹೇಳುವವರು ನಮ್ಮಲ್ಲಿ ಒಬ್ಬರೂ ಇಲ್ಲ. ಎಲ್ಲರೂ ತಮ್ಮ ಊರು ನೋಡಿ ಹೇಳುತ್ತಾರೆ.

ಮಂಗಳೂರನ್ನೇ ತೆಗೆದುಕೊಳ್ಳಿ. ಅವನ ಊರಿನಲ್ಲಿ ಜನವರಿಯ ಬೆಳಗಿನ ಜಾವವೂ ಚಳಿ ಅನ್ನುವಂಥದ್ದು ಅಪರೂಪ. ಹಾಗಾಗಿ ಪುಣೆಯ ಡಿಸೆಂಬರ್ ಅವನಿಗೆ ಹಿಮಾಲಯ. ಒಳಗೆ ಥರ್ಮಲ್, ಅದರ ಮೇಲೆ ಶರ್ಟು, ಅದರ ಮೇಲೆ ಸ್ವೆಟರ್, ಎಲ್ಲದರ ಮೇಲೆ ಒಂದು ಜಾಕೆಟ್, ಕಾಲಿಗೆ ಎರಡು ಜೊತೆ ಸಾಕ್ಸ್, ಬ್ಯಾಗಿನಲ್ಲಿ ಇವೆಲ್ಲದರ ಇನ್ನೊಂದೊಂದು ಪ್ರತಿ. ಚಿಕ್ಕಮಗಳೂರು ಇದಕ್ಕೆ ಪೂರಾ ಉಲ್ಟಾ. ಅರ್ಧ ತೋಳಿನ ಟೀ ಶರ್ಟಿನಲ್ಲಿ ಬಂದು ನಿಂತು, "ಇದಕ್ಕೆಲ್ಲ ಚಳಿ ಅಂತಾರಾ?" ಅನ್ನುತ್ತಾಳೆ. ಅವಳ ಬಾಯಲ್ಲಿ ದಿನಕ್ಕೊಮ್ಮೆ ಮುಳ್ಳಯ್ಯನಗಿರಿ ಬರಲೇಬೇಕು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1646 ಮೀಟರ್, ಮುಳ್ಳಯ್ಯನಗಿರಿ 1930, ಲೆಕ್ಕ ನೀವೇ ಹಾಕಿ ಅನ್ನುತ್ತಾಳೆ. ಪೇಟೆ ಬಿಡುವುದಿಲ್ಲ. "ನಿಮ್ಮಲ್ಲಿ ಹತ್ತಿರ ಹತ್ತಿರ ತುದಿಯವರೆಗೂ ಗಾಡಿ ಹೋಗ್ತದಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ" ಅನ್ನುತ್ತಾಳೆ.

ಧಾರವಾಡದ್ದು ಬೇರೆಯೇ ಸಿದ್ಧಾಂತ. "ಥಂಡಿ ಒಳಗ ಹೋಗೋದ ಕಿವ್ಯಾಗಿಂದ. ಕಿವಿ ಮುಚ್ಚಿದ್ರ ಮುಗೀತು." ಹಾಗಂತ ಮಫ್ಲರ್ ಒಂದನ್ನು ಬಿಟ್ಟರೆ ಬೇರೇನನ್ನೂ ಅವನು ನಂಬುವುದಿಲ್ಲ. ಕಲಬುರಗಿಗೆ ಬಿಸಿಲಿನ ಪರಿಚಯ ಜಾಸ್ತಿ. ಅವನ ಊರಿನಲ್ಲಿ ಬೇಸಿಗೆಗೆ 42 ದಾಟುವುದು ಮಾಮೂಲು. ಆದ್ದರಿಂದ ಚಳಿಗಾಲದ ಬಿಸಿಲನ್ನು ಅವನು ಬಿಸಿಲೆಂದೇ ಒಪ್ಪುವುದಿಲ್ಲ. ಮೈಸೂರಿನವನಾದ ನನಗೆ ಇವರ ಮುಂದೆ ಹೇಳಿಕೊಳ್ಳೋಕೆ ಏನೂ ಇಲ್ಲ. ನಮ್ಮೂರಲ್ಲಿ ಚಳಿಯೂ ಹದ, ಸೆಕೆಯೂ ಹದ. ಹದದ ಊರಿನಿಂದ ಬಂದವನ ಮಾತಿಗೆ ಬೆಟ್ಟದ ಮೇಲೆ ಬೆಲೆ ಕಡಿಮೆ.

ನನ್ನ ಸ್ವೆಟರ್ ಇಟ್ಟಿಗೆ ಬಣ್ಣದ್ದು. ಮೈಸೂರಿನಲ್ಲಿ ಚಳಿಗಾಲ ಬಂತೆಂದರೆ ಟಿಬೆಟಿನವರು ಸಾಲಾಗಿ ಸ್ವೆಟರ್ ಅಂಗಡಿ ಇಡುತ್ತಾರಲ್ಲ, ಅಲ್ಲಿ ಕೊಂಡದ್ದು. ಬೈಲಕುಪ್ಪೆ ಪಕ್ಕದಲ್ಲೇ ಇರುವುದರಿಂದ ಅವರೇ ಹೆಣೆದು ತರುತ್ತಾರೆ ಅಂತ ಅಮ್ಮ ಇವತ್ತಿಗೂ ನಂಬಿದ್ದಾಳೆ. ಈ ಅಂಗಡಿಗಳ ಸರಕು ಹೆಚ್ಚಾಗಿ ಬರುವುದು ಪಂಜಾಬಿನ ಲುಧಿಯಾನದಿಂದ. ನಾನು ಅಮ್ಮನಿಗೆ ಹೇಳಲು ಹೋಗಿಲ್ಲ. ಎರಡನೇ ಗುಂಡಿ ಎಲ್ಲೋ ಉದುರಿ ಅಲ್ಲಿ ಈಗ ಶರ್ಟಿನ ಬಿಳಿ ಗುಂಡಿ ಕೂತಿದೆ. ಬಲ ಮೊಣಕೈಯಲ್ಲಿ ನೂಲು ತೆಳುವಾಗಿ ಬೆಳಕು ಕಾಣುತ್ತದೆ. ಎಲ್ಲಕ್ಕಿಂತ ವಿಚಿತ್ರ ಅದರ ತೋಳು. ಸೊಂಟಕ್ಕೆ ಕಟ್ಟಿ ಕಟ್ಟಿ, ಎಳೆದು ಎಳೆದು, ನನ್ನ ಕೈಗಿಂತ ನಾಲ್ಕು ಬೆರಳು ಉದ್ದವಾಗಿವೆ. ಹಾಕಿಕೊಂಡರೆ ಅಂಗೈ ಮುಚ್ಚುತ್ತದೆ. ಕಟ್ಟಿಕೊಂಡರೆ ಮಾತ್ರ ಸರಿಯಾಗಿ ಕೂರುತ್ತದೆ.

ಪುಣೆ ಹತ್ತಿರದ ರಾಜಗಡ ಕೋಟೆಗೆ ಹೋದ ದಿನ ಈ ಸ್ವೆಟರುಗಳ ಕತೆ ಪೂರ್ತಿ ನೋಡೋಕೆ ಸಿಕ್ಕಿತು.

ಕತ್ತಲಿರುವಾಗಲೇ ಸಾತಾರಾ ರಸ್ತೆ ಹಿಡಿದು, ನಸರಾಪುರದಲ್ಲಿ ಬಲಕ್ಕೆ ತಿರುಗಿ, ಮಾರ್ಗಾಸನಿ ದಾಟಿದರೆ ಗುಂಜವಣಿ ನದಿಯ ಕಣಿವೆ. ಭತ್ತ ಕೊಯ್ದು ಮುಗಿದ ಗದ್ದೆಗಳು, ಹುಲ್ಲಿನ ಬಣವೆಗಳು, ಎಲ್ಲದರ ಮೇಲೂ ಮಂಜು. ಗಾಡಿಯ ಗಾಜು ಇಳಿಸಲು ಆಗದಷ್ಟು ಚಳಿ. ಹಿಂದಿನ ಸೀಟಿನಲ್ಲಿ ಮಂಗಳೂರು ಜಾಕೆಟಿನ ಜಿಪ್ಪನ್ನು ಗಲ್ಲದವರೆಗೂ ಎಳೆದುಕೊಂಡು, "ಇಲ್ಲಿಯೇ ಹೀಗಾದ್ರೆ ಮೇಲೆ ಹೇಗೆ ಮಾರಾಯ?" ಅಂದ.

ಪ್ರಶ್ನೆಯೇನೋ ಸರಿಯಾದದ್ದೇ. ಮೇಲೆ ಹೋದಂತೆ ಚಳಿ ಹೆಚ್ಚುತ್ತದೆ, ಒಂದು ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಮೋಡವಿಲ್ಲದ ಚಳಿಗಾಲದ ರಾತ್ರಿ ಲೆಕ್ಕ ತಿರುಗುಮುರುಗಾಗುತ್ತದೆ. ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ಭಾರ. ಅದು ಮಳೆನೀರಿನಂತೆ ಗುಡ್ಡದ ಮೈಯಿಂದ ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಹೀಗಾಗಿ ಬೆಳಗಿನ ಜಾವ ಕಣಿವೆಯೇ ಮೇಲಿನ ಇಳಿಜಾರಿಗಿಂತ ಹೆಚ್ಚು ತಂಪು. ಮಂಜು ಕೂರುವುದೂ ಅಲ್ಲೇ. ಇದನ್ನೆಲ್ಲ ವಿವರಿಸಿದ್ದು ಪೇಟೆ. ಮಂಗಳೂರು ಗಮನವಿಟ್ಟು ಕೇಳಿದ. ಜಿಪ್ಪನ್ನು ಮಾತ್ರ ಇಳಿಸಲಿಲ್ಲ.

ಗುಂಜವಣೆ ಊರಿನಲ್ಲಿ ಗಾಡಿ ನಿಲ್ಲಿಸಿ ಇಳಿದೆವು. ಇಲ್ಲೇ ಮೊದಲ ಜಗಳ. ಬೆಟ್ಟ ಹತ್ತಿ ಪಳಗಿದವರು ಹೇಳುವುದು ಒಂದೇ ಮಾತು: ಹತ್ತೋಕೆ ಶುರು ಮಾಡುವಾಗ ಸ್ವಲ್ಪ ಚಳಿಯಾಗಬೇಕು. ಸ್ವೆಟರನ್ನು ಬುಡದಲ್ಲೇ ಬಿಚ್ಚಿಡಬೇಕು, ಮೇಲೆ ನಿಂತ ತಕ್ಷಣ ಹಾಕಿಕೊಳ್ಳಬೇಕು. ಹತ್ತುವಾಗ ಮೈ ತಾನೇ ಕಾಯುತ್ತದೆ. ಸ್ವೆಟರ್ ಹಾಕಿಕೊಂಡೇ ಹತ್ತಿದರೆ ಒಳಗಿನ ಬಟ್ಟೆಯೆಲ್ಲ ಬೆವರಿಗೆ ಒದ್ದೆ. ಆಮೇಲೆ ತುದಿಯಲ್ಲಿ ಗಾಳಿಗೆ ನಿಂತರೆ ಆ ಒದ್ದೆಯೇ ನಡುಗಿಸುತ್ತದೆ. ಆದರೆ ನಮ್ಮ ಜನ ಮಾಡುವುದೇನು? ಬುಡದಲ್ಲಿ ಚಳಿ ಅಂತ ಹಾಕಿಕೊಂಡು ಹತ್ತುತ್ತಾರೆ, ತುದಿ ತಲುಪಿ ಸೆಕೆ ಅಂತ ಬಿಚ್ಚುತ್ತಾರೆ. ಎರಡೂ ಕೆಲಸ ಸರಿಯಾಗಿ ಉಲ್ಟಾ.

ಕೋಟೆಯ ಕಳ್ಳಬಾಗಿಲು ಚೋರ್ ದರ್ವಾಜಾದ ದಾರಿ ಮೊದಲು ಕಾಡಿನೊಳಗೆ, ಆಮೇಲೆ ಬೋಳು ಏಣಿನ ಮೇಲೆ, ಕೊನೆಗೆ ಕಂಬಿ ಹಿಡಿದು ಹತ್ತುವ ಬಂಡೆ. ಕಾಡು ಮುಗಿಯುವಷ್ಟರಲ್ಲಿ ಮಂಗಳೂರಿನ ಜಾಕೆಟ್ ಬ್ಯಾಗಿಗೆ ಹೋಯಿತು. ಬೋಳು ಏಣಿನ ಮೇಲೆ ಬರುವಷ್ಟರಲ್ಲಿ ಸ್ವೆಟರ್ ಸೊಂಟಕ್ಕೆ ಬಂತು. ಬಂಡೆಯ ಹತ್ತಿರ ನಿಂತು, ಕೆಂಪಗಾದ ಮುಖ ಒರೆಸಿಕೊಳ್ಳುತ್ತ, "ಎಂಥ ಸೆಕೆ ಮಾರಾಯ!" ಅಂದಾಗ ಚಿಕ್ಕಮಗಳೂರಿನ ನಗು ಇಡೀ ಕಣಿವೆಗೆ ಕೇಳಿಸಿತು. ಕೆಳಗೆ ನೋಡಿದರೆ ನಾವು ನಡುಗುತ್ತ ಬಂದ ದಾರಿಯೆಲ್ಲ ಮಂಜಿನಡಿ ಮಾಯ. ಮೇಲೆ ನಾವಿದ್ದಲ್ಲಿ ಚುರುಗುಟ್ಟುವ ಬಿಸಿಲು.

ಏಣಿನ ಹುಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಳೆಗಾಲದ ಹಸಿರು ಹುಲ್ಲು ಡಿಸೆಂಬರಿಗೆ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ನೋಡೋಕೆ ಚೆಂದ. ಅದರ ಬೀಜವನ್ನು ಇಲ್ಲಿಯವರು ಕುಸಳ ಅನ್ನುತ್ತಾರೆ. ಒಂದನ್ನು ಸಾಕ್ಸಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಒಂದು ತುದಿಯಲ್ಲಿ ಸೂಜಿ, ಸೂಜಿಯ ಸುತ್ತ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ರೋಮ, ಇನ್ನೊಂದು ತುದಿಗೆ ತಿರುಚಿಕೊಂಡ ಕಂದು ಬಾಲ. ಬಾಟಲಿಯಿಂದ ಒಂದು ಹನಿ ನೀರು ಬಿಟ್ಟೆ. ಬಾಲ ನಿಧಾನವಾಗಿ ತಿರುಗಿ ಬಿಚ್ಚಿಕೊಳ್ಳತೊಡಗಿತು. ಒದ್ದೆಯಾದರೆ ಬಿಚ್ಚಿಕೊಳ್ಳುವುದು, ಒಣಗಿದರೆ ಮತ್ತೆ ತಿರುಚಿಕೊಳ್ಳುವುದು. ಹೀಗೆ ತಿರುಗುತ್ತ ತಿರುಗುತ್ತಲೇ ಬೀಜ ಮಣ್ಣೊಳಗೆ ಇಳಿಯುತ್ತದೆ. ರೋಮ ಹಿಂದಕ್ಕೆ ಬಾಗಿರುವುದರಿಂದ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಹವೆ ಬದಲಾದಷ್ಟೂ ಅದಕ್ಕೆ ಲಾಭ. ಮಣ್ಣಿಗೂ ಸ್ವೆಟರಿಗೂ ಇರುವ ವ್ಯತ್ಯಾಸ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಸೊಂಟದಿಂದ ಜೋತಾಡುವ ಸ್ವೆಟರ್ ಹುಲ್ಲು ಸವರಿಕೊಂಡೇ ಹೋಗುತ್ತದಲ್ಲ, ಕೋಟೆಯ ಮೇಲಿನ ಬಯಲು ಪದ್ಮಾವತಿ ಮಾಚಿ ತಲುಪುವಷ್ಟರಲ್ಲಿ ನನ್ನದರಲ್ಲಿ ಒಂದು ಹುಲ್ಲುಗಾವಲಿಗೆ ಸಾಲುವಷ್ಟು ಬೀಜವಿತ್ತು.

ಮಾಚಿಯ ಮೇಲೆ ಊರಿನ ಹೆಂಗಸೊಬ್ಬರು ಮಡಕೆಯಲ್ಲಿ ಮಜ್ಜಿಗೆ ಇಟ್ಟುಕೊಂಡು ಕೂತಿದ್ದರು. ಎಲ್ಲರೂ ಅವರನ್ನು ಮಾವಶಿ ಅನ್ನುತ್ತಾರೆ, ನಾವೂ ಅಂದೆವು. ಮಜ್ಜಿಗೆ ಕುಡಿಯುತ್ತಿರುವಾಗ ಪೇಟೆ ಇತಿಹಾಸ ಶುರು ಮಾಡಿದಳು. ರಾಯಗಡಕ್ಕೆ ಹೋಗುವ ಮೊದಲು ಶಿವಾಜಿ ಮಹಾರಾಜರ ರಾಜಧಾನಿ ಸುಮಾರು ಕಾಲು ಶತಮಾನ ಇಲ್ಲೇ ಇತ್ತು. 1665ರ ಪುರಂದರ ಒಪ್ಪಂದದಲ್ಲಿ 23 ಕೋಟೆಗಳನ್ನು ಮೊಗಲರಿಗೆ ಬಿಟ್ಟುಕೊಟ್ಟು 12 ಉಳಿಸಿಕೊಂಡರು, ಆ 12ರಲ್ಲಿ ಇದೂ ಒಂದು. ರಾಜಾರಾಮ ಹುಟ್ಟಿದ್ದು ಇಲ್ಲಿ, 1670ರಲ್ಲಿ. ಕಲಬುರಗಿ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಖರೆ. ಥಂಡ್ಯಾಗ ಏನ್ ಹೊಚ್ಕೋತಿದ್ರು?" ಅಂದ.

ಉತ್ತರ ಮಾವಶಿಯ ಪಕ್ಕದಲ್ಲೇ ಕೂತಿತ್ತು. ಅವರ ಮನೆಯ ಹಿರಿಯರಿರಬೇಕು, ಕಪ್ಪು ಕಂಬಳಿ ಹೊದ್ದಿದ್ದರು. ಇಲ್ಲಿ ಅದಕ್ಕೆ ಘೋಂಗಡಿ. ನಮ್ಮ ಕಡೆ ಕುರುಬರು ನೇಯುವ ಕಂಬಳಿಯೇ ಅದು, ಅದೇ ದಖ್ಖನಿ ಕುರಿಯ ಒರಟು ಉಣ್ಣೆ. ಚಳಿಗೆ ಹೊದಿಕೆ, ಕೂರೋಕೆ ಹಾಸು, ಮಳೆ ಬಂದರೆ ತಲೆಯ ಮೇಲೆ ಕೊಪ್ಪೆ. ಬಿಚ್ಚುವುದೂ ಇಲ್ಲ, ಸೊಂಟಕ್ಕೆ ಕಟ್ಟುವುದೂ ಇಲ್ಲ, ಹೆಗಲ ಮೇಲೆ ಎಸೆದುಕೊಂಡರಾಯಿತು. ಲುಧಿಯಾನದವರಿಗೆ ಇದು ಯಾಕೆ ಹೊಳೆಯಲಿಲ್ಲವೋ.

ಮಜ್ಜಿಗೆಯ ದುಡ್ಡು ಎಣಿಸಿಕೊಳ್ಳುತ್ತ ಮಾವಶಿ ಪಡುವಣದ ಕಡೆ ನೋಡಿ, "ಪಾವೂಸ್ ಯೇಣಾರ್" ಅಂದರು. ಮಳೆ ಬರ್ತದೆ ಅಂತ. ನಾವು ಆರೂ ಜನ ಮೊಬೈಲ್ ತೆಗೆದೆವು. ಒಬ್ಬರದರಲ್ಲಿ ಸೂರ್ಯ, ಒಬ್ಬರದರಲ್ಲಿ ಅರ್ಧ ಮೋಡ, ಧಾರವಾಡದವನದರಲ್ಲಿ ಅವನ ಮನೆಯಿರುವ ಧಾರವಾಡದ ಹವಾಮಾನ. ಮಳೆ ಯಾರದರಲ್ಲೂ ಇರಲಿಲ್ಲ. ಹೀಗಾಗಿ ಸುವೇಳಾ ಮಾಚಿಯ ಕಡೆ ಹೊರಟೆವು.

ಸುವೇಳಾ ಮಾಚಿಯಲ್ಲಿ ಒಂದು ಬಂಡೆಗೆ ಆರಪಾರ ತೂತು ಬಿದ್ದಿದೆ. ನೇಢೆ ಅನ್ನುತ್ತಾರೆ, ಸೂಜಿಯ ಕಣ್ಣು. ಒಳಗೆ ಹತ್ತಿ ನಾಲ್ಕಾರು ಜನ ಕೂರಬಹುದು. ಆ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದುಂಟು, ಗಲಾಟೆ ಮಾಡಬಾರದು, ಸೆಂಟು ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ. ಏನೇ ಬಿಸಿಲಿದ್ದರೂ ಆ ತೂತಿನಲ್ಲಿ ಗಾಳಿ ನಿಲ್ಲುವುದಿಲ್ಲ. ಬೆವರಿದ ಬೆನ್ನಿಗೆ ಆ ಗಾಳಿ ತಾಗಿತು ನೋಡಿ, ಸೊಂಟದ ಗಂಟುಗಳೆಲ್ಲ ಒಟ್ಟಿಗೇ ಬಿಚ್ಚಿದವು. ಚಿಕ್ಕಮಗಳೂರು ಮಾತ್ರ ಕೈಕಟ್ಟಿ ಕೂತಳು. ತೋಳಿನ ಮೇಲೆ ರೋಮ ಎದ್ದದ್ದು ಕಾಣುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಹೆಜ್ಜೇನಿನ ಭಯ ಇತ್ತಲ್ಲ.

ಮೋಡ ಬಂದದ್ದು ಅಲ್ಲಿ ಕೂತಿರುವಾಗಲೇ. ಮೊದಲು ತೋರಣಾ ಕೋಟೆ ಕಾಣದಾಯಿತು. ಆಮೇಲೆ ನಮ್ಮದೇ ಕೋಟೆಯ ನೆತ್ತಿ, ಬಾಲೇಕಿಲ್ಲಾ ಕಾಣದಾಯಿತು. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ವಾಯುಭಾರ ಕುಸಿದರೆ ಇಲ್ಲಿ ಡಿಸೆಂಬರಿನಲ್ಲೂ ಮಳೆಯಾಗುತ್ತದೆ. ಅಕಾಲದ್ದು, ಹಾಗಾಗಿ ಅವಕಾಳಿ ಪಾವೂಸ್. ನಮ್ಮಂಥವರಿಗೆ ಬಟ್ಟೆ ಒದ್ದೆಯಾಗುವ ತೊಂದರೆ ಅಷ್ಟೆ. ದ್ರಾಕ್ಷಿ, ಈರುಳ್ಳಿ ಬೆಳೆದವರಿಗೆ ವರ್ಷದ ಗಳಿಕೆಯ ಪ್ರಶ್ನೆ. 2021ರ ಡಿಸೆಂಬರ್ ಮೊದಲ ವಾರ ಹೀಗೇ ಚಳಿಯ ಜೊತೆ ಮಳೆ ಸುರಿದು ಪುಣೆ ಜಿಲ್ಲೆಯಲ್ಲಿ ಬಹಳ ಕುರಿಗಳು ಸತ್ತವು. ಮೈಮೇಲೆ ಉಣ್ಣೆ ಇಟ್ಟುಕೊಂಡೇ ಹುಟ್ಟಿದ ಪ್ರಾಣಿ, ಅದಕ್ಕೇ ತಡೆಯೋಕಾಗಲಿಲ್ಲ.

ನಮಗೆ ಸಿಕ್ಕಿದ್ದು ಅರ್ಧ ಗಂಟೆಯ ಮಳೆ. ಓಡೋಡಿ ಮತ್ತೆ ಪದ್ಮಾವತಿ ದೇವಸ್ಥಾನಕ್ಕೆ ಬಂದು ಸೇರುವಷ್ಟರಲ್ಲಿ ಎಲ್ಲರೂ ತೊಪ್ಪೆ. ಆಗ ಗೊತ್ತಾಯಿತು ಯಾವ ಬಟ್ಟೆಯ ಯೋಗ್ಯತೆ ಎಷ್ಟು ಅಂತ. ಧಾರವಾಡದವನ ಮಫ್ಲರ್ ಹಿಂಡಿದರೆ ಒಂದು ಲೋಟ ನೀರು ಬಂತು. ಪೇಟೆ ಹಾಕಿದ್ದ ಟೋಪಿ ಇರುವ ದಪ್ಪ ಹತ್ತಿಯ ಹೂಡಿ ಇಡೀ ಮಳೆಯನ್ನು ಕುಡಿದು ಮೊಣಕಾಲಿನವರೆಗೆ ಜಗ್ಗಿತ್ತು. ಹತ್ತಿ ಒದ್ದೆಯಾದರೆ ಬಿಸುಪು ಹೋಯಿತು, ಒಣಗೋಕೂ ದಿನ ಹಿಡಿಯುತ್ತದೆ. ಉಣ್ಣೆ ಹಾಗಲ್ಲ, ನೆನೆದರೂ ಸ್ವಲ್ಪ ಬೆಚ್ಚಗಿಡುತ್ತದೆ. ನನ್ನ ಸ್ವೆಟರಿನಲ್ಲಿ ಕುರಿಯ ಪಾಲೆಷ್ಟೋ ಕಾರ್ಖಾನೆಯ ಪಾಲೆಷ್ಟೋ, ಅಂತೂ ಆವತ್ತು ಅದು ಮರ್ಯಾದೆ ಉಳಿಸಿತು. ಕಲಬುರಗಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಬಿಸಿಲಿಗೆ ಜಗ್ಗದವನು ಗಾಳಿಮಳೆಗೆ ಕುಗ್ಗಿಹೋಗಿದ್ದ. ಬಿಚ್ಚಿ ಅವನಿಗೆ ಕೊಟ್ಟೆ. ಅವನ ಕೈ ನನ್ನದಕ್ಕಿಂತ ಉದ್ದ. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು.

ಆಗ ಮಂಗಳೂರು ಬ್ಯಾಗ್ ಬಿಚ್ಚಿದ. ಬೆಳಿಗ್ಗೆಯಿಂದ ಎಲ್ಲರ ಬಾಯಿಗೆ ಸಿಕ್ಕಿದ್ದ ಬ್ಯಾಗು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟದ್ದರಿಂದ ಒಳಗಿನ ಒಂದು ಬಟ್ಟೆಗೂ ಹನಿ ನೀರು ತಾಗಿರಲಿಲ್ಲ. ಮಳೆಗಾಲ ಅಂದರೆ ಏನೆಂದು ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ. ಧಾರವಾಡಕ್ಕೆ ಒಣ ಟೋಪಿ, ಪೇಟೆಗೆ ಸ್ವೆಟರ್, ನನಗೆ ಇನ್ನೊಂದು ಶರ್ಟು, ಎಲ್ಲರಿಗೂ ಸಾಕ್ಸು. ಜಾಕೆಟನ್ನು ಕೈಯಲ್ಲಿ ಹಿಡಿದುಕೊಂಡು ಚಿಕ್ಕಮಗಳೂರಿನ ಮುಂದೆ ನಿಂತ. ಏನೂ ಕೇಳಲಿಲ್ಲ, ಸುಮ್ನೆ ನಿಂತ. ಅವಳು ಇಸಿದುಕೊಂಡು, ಜಿಪ್ಪನ್ನು ಗಲ್ಲದವರೆಗೂ ಎಳೆದು, "ಮಳೆ ಅಂತ ಹಾಕ್ಕೊಂಡೆ. ಚಳಿಗಲ್ಲ" ಅಂದಳು.

ಮಳೆ ನಿಂತ ಮೇಲೆ ಕಡಲೆಹಿಟ್ಟಿನ ಪಿಠಲೆ, ಭಾಕರಿ ಅನ್ನುವ ರೊಟ್ಟಿ, ಮೆಣಸಿನಕಾಯಿಯ ಠೇಚಾ ಸಿಕ್ಕಿತು. ಭಾಕರಿ ನಾಚಣಿಯದ್ದು, ಅಂದರೆ ರಾಗಿಯದ್ದು. ಇಡೀ ದಿನದಲ್ಲಿ ನಾನು ಮೈಸೂರಿನ ಪರವಾಗಿ ಗಟ್ಟಿ ದನಿಯಲ್ಲಿ ಮಾತಾಡಿದ್ದು ಆಗ ಮಾತ್ರ. ಪಿಠಲೆ ನಮ್ಮ ಝುಣಕಾನೇ ಅಂತ ಧಾರವಾಡವೂ ಕಲಬುರಗಿಯೂ ಪಟ್ಟು ಹಿಡಿದರು. ಆ ವಾದ ಇಳಿಯುವಾಗಲೂ ನಡೆದಿತ್ತು. ಒದ್ದೆ ಬಂಡೆಯ ಸಹವಾಸ ಬೇಡ ಅಂತ ಚೋರ್ ದರ್ವಾಜಾ ಬಿಟ್ಟು ಪಾಲಿ ದರ್ವಾಜಾದ ಅಗಲ ಮೆಟ್ಟಿಲ ದಾರಿ ಹಿಡಿದೆವು, ಡ್ರೈವರ್ ಸುತ್ತು ಹಾಕಿ ಗಾಡಿಯನ್ನು ಆ ಕಡೆ ತಂದ. ಮೋಡ ಮುಚ್ಚಿದ್ದರಿಂದ ಸಂಜೆ ಚಳಿಯೇ ಇರಲಿಲ್ಲ. ಮೋಡವಿದ್ದ ರಾತ್ರಿ ನೆಲದ ಬಿಸಿ ಮೇಲೆ ಹೋಗೋಕೆ ದಾರಿಯಿಲ್ಲದೆ ಇಲ್ಲೇ ಉಳಿಯುತ್ತದೆ. ಬೆಳಿಗ್ಗೆ ಗಾಜು ಇಳಿಸೋಕಾಗದ ಅದೇ ಕಣಿವೆಯಲ್ಲಿ ಈಗ ಗಾಜು ಇಳಿಸಿಕೊಂಡು ಬಂದೆವು.

ಕಲಬುರಗಿ ನನ್ನ ಸ್ವೆಟರ್ ಹಾಕಿಕೊಂಡೇ ಮನೆಗೆ ಹೋದ, ಸಂಕ್ರಾಂತಿಗೆ ಊರಿಗೆ ಹೋಗುವಾಗಲೂ ಅದನ್ನೇ ಹಾಕಿಕೊಂಡು ಹೋದ. ಅಲ್ಲಿ ಅವನ ಅಮ್ಮ ಕನ್ನಡಕ ಹಾಕಿಕೊಂಡು ಕೂತು ಒಂದೊಂದೇ ಕುಸಳ ಕಿತ್ತು ತೆಗೆದಿದ್ದಾರಂತೆ. ಶರ್ಟಿನ ಗುಂಡಿ ಕಿತ್ತು ಇಟ್ಟಿಗೆ ಬಣ್ಣದ್ದೇ ಗುಂಡಿ ಹಾಕಿದ್ದಾರಂತೆ. ಇಷ್ಟೆಲ್ಲ ಆದಮೇಲೆ ವಾಪಸ್ ಕೇಳೋದು ಹೇಗೆ?

ಮುಂದಿನ ತಿಂಗಳು ಕಳಸೂಬಾಯಿ ಅಂತ ಮಾತಾಗಿದೆ. ಮೊನ್ನೆ ಚಿಕ್ಕಮಗಳೂರು ಮಂಗಳೂರಿಗೆ ಮಾತ್ರ ಮೆಸೇಜ್ ಹಾಕಿ, "ಆ ಜಾಕೆಟ್ ಎಲ್ಲಿ ತಗೊಂಡೆ? ನನ್ನ ಸೈಜ್ ಸಿಗುತ್ತಾ?" ಅಂತ ಕೇಳಿದಳು. ಅವನು ಅದನ್ನು ಹಾಗೇ ಗುಂಪಿಗೆ ಹಾಕಿಬಿಟ್ಟ. ಜಾಕೆಟ್ ತಮ್ಮನಿಗೆ ಅಂತ ಅವಳು ಈಗಲೂ ಸಾಧಿಸುತ್ತಿದ್ದಾಳೆ. ಆ ತಮ್ಮ ಇರುವುದು ಚೆನ್ನೈನಲ್ಲಿ.